ಕೆಂಪು ಚೌಕಟ್ಟಿನ ಗಿಡ

ಹುಮನಾಬಾದ್
೧೦ ಜೂನ್ ೨೦೨೪

ಸರಿತಕ್ಕನಿಗೆ,

ಮೂರು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಭಾವನನ್ನು ಕೇಳಿದರೆ "ಅಂಗಡ್ಯಾಗ ಗಿರಾಕಿ ಭಾಳ ಅದಾರ" ಎನ್ನುತ್ತಾನೆ. ಬಸವಕಲ್ಯಾಣದ ಮಂದಿಯೆಲ್ಲ ಒಟ್ಟಿಗೆ ಜೆರಾಕ್ಸ್ ಮಾಡಿಸಲು ನಿಂತಿದ್ದಾರೆಂದು ನಾನು ನಂಬಲಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಚೆಯವನ ಕೈಯಿಂದಲಾದರೂ ತೆಗೆದುಕೊಳ್ಳುತ್ತೀ.

ನಮ್ಮ ಕಚೇರಿಗೆ ಹೊಸ ಕಲರ್ ಪ್ರಿಂಟರ್ ಬಂದಿದೆ. ನನ್ನ ಸೊಂಟದಷ್ಟು ಎತ್ತರ. ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್, ಫ್ಯಾಕ್ಸ್ ಎಲ್ಲ ಅದೊಂದೇ ಮಾಡುತ್ತದೆ. ಔಷಧಿ ಡಬ್ಬಿಗಳ ಲೇಬಲ್ ಮಾದರಿ ತೆಗೆಯಲೆಂದು ಕಂಪನಿಯವರು ತರಿಸಿದ್ದು. ಅದರ ಉಸ್ತುವಾರಿ ನನಗೆ ಕೊಟ್ಟಿದ್ದಾರೆ. ಒಳಗೆ ನಾಲ್ಕು ಟೋನರ್: ಕಪ್ಪು, ನೀಲಿ, ಗುಲಾಬಿ, ಹಳದಿ. ಕೆಂಪು ಎಂಬುದೇ ಇಲ್ಲ. ಗುಲಾಬಿಯ ಮೇಲೆ ಹಳದಿ ಬಿದ್ದರೆ ಕೆಂಪಾಗುತ್ತದೆ. ಮೊದಲ ದಿನ ನಾನು ಊಟ ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದೆ.

ಒಂದು ತಪ್ಪೂ ಮಾಡಿದೆ. ಪರದೆಯ ಮೇಲೆ 'ಲೈಸೆನ್ಸ್' ಎಂದು ಕಂಡಿತು. ಗಾಡಿಗೆ ಇದ್ದ ಹಾಗೆ ಇದಕ್ಕೂ ಒಂದು ಚೀಟಿ ಇರಬೇಕೆಂದು ಒತ್ತಿದೆ. ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರದ ನೂರ ಮೂವತ್ತೆಂಟು ಹಾಳೆ ಹೊರಗೆ ಬಂದವು. ನಿಲ್ಲಿಸುವುದು ಹೇಗೆಂದು ಇನ್ನೂ ಕಲಿತಿರಲಿಲ್ಲ. ಮ್ಯಾನೇಜರ್ ಸಾಹೇಬರು ಬಂದು, "ಇದೇನು ಶೀತಲ, ಮಷೀನಿಗಿ ಹೊಟ್ಟಿ ಕೆಟ್ಟದೇನು?" ಎಂದರು. ಹಾಳೆ ದಂಡವಾಗಬಾರದೆಂದು ಮನೆಗೆ ತಂದಿದ್ದೇನೆ. ಈ ಕಾಗದದ ಹಿಂಬದಿಯಲ್ಲಿ ಇರುವುದು ಅದೇ.

ಇನ್ನೊಂದು ಮಾತು. ಹೋದ ಭಾನುವಾರ ಮೋರಖಂಡಿಗೆ ಹೋಗಿದ್ದೆ. ಅವ್ವನ ಟ್ರಂಕಿನಲ್ಲಿ ನಿನ್ನ ಗಿಡದ ನೋಟ್‌ಬುಕ್ ಸಿಕ್ಕಿತು. ಬೇಸಿಗೆ ರಜೆಯಲ್ಲಿ ನಾವು ಅಪ್ಪನ ಕುರಿಗಳ ಹಿಂದೆ ಹೋದಾಗ ಅವ್ವ ಗಿಡ ತೋರಿಸಿ, "ಇದು ಮೇವು, ಇದು ಇಷ, ತಿಂದ್ರ ಕುರಿ ಸಾಯ್ತಾವ" ಎನ್ನುತ್ತಿದ್ದಳಲ್ಲ, ನೀನು ಕೂತು ಅವುಗಳ ಚಿತ್ರ ಬರೆಯುತ್ತಿದ್ದೆ. ಎಷ್ಟು ಚೆನ್ನಾಗಿ ಬರೆದಿದ್ದೀ ಅಕ್ಕಾ. ಸ್ಕ್ಯಾನ್ ಮಾಡಿ ಒಂದು ಸಣ್ಣ ಪುಸ್ತಕ ಮಾಡೋಣ ಎನಿಸಿತು. ನೋಟ್‌ಬುಕ್ ನನ್ನ ಹತ್ತಿರ ಇದೆ. ಬೇಡವೆಂದರೆ ಹೇಳು.

ನಿನ್ನ ಉತ್ತರದ ದಾರಿ ನೋಡುವ
ಶೀತಲ

*

ಬಸವಕಲ್ಯಾಣ
೨೪ ಜೂನ್ ೨೦೨೪

ಶೀತಲಳಿಗೆ,

ಕಾಗದ ಮುಟ್ಟಿತು.

ನಿನ್ನ ಯಂತ್ರದ ವರ್ಣನೆ ಓದಿದೆ. ನನ್ನದು ನಿನಗೆ ಗೊತ್ತೇ ಇದೆ, ನನಗಿಂತ ಮೊದಲು ಅದಕ್ಕೆ ಇಬ್ಬರು ಮಾಲೀಕರಾಗಿದ್ದಾರೆ. ಹಾಳೆಯ ನಡುವೆ ಒಂದು ಕಪ್ಪು ಗೆರೆ ಎಳೆಯುತ್ತದೆ. ಕಲರ್ ಬೇಕೆಂದು ಬಂದವರನ್ನು ದಿನಾ ಎದುರಿನ ಅಂಗಡಿಗೆ ನಾನೇ ಕೈ ತೋರಿಸಿ ಕಳಿಸುತ್ತೇನೆ.

ಫೋನ್ ಯಾಕೆ ಎತ್ತುವುದಿಲ್ಲ ಎಂದರೆ, ನಾನು ಎತ್ತಿದ ಕೂಡಲೇ ನೀನು ಕಚೇರಿ ಸುದ್ದಿ ಶುರು ಮಾಡುತ್ತೀ. ಆ ಕೆಲಸದ ಜಾಹೀರಾತನ್ನು ಪೇಪರಿನಲ್ಲಿ ನೋಡಿದವಳು ನಾನು. ಇಬ್ಬರೂ ಒಂದೇ ಬಸ್ಸಿನಲ್ಲಿ ಹುಮನಾಬಾದಿಗೆ ಹೋದೆವು. ನಿನಗೆ ಮೌಸ್ ಹಿಡಿಯಲು ಕಲಿಸಿದವಳೂ ನಾನೇ. ಅವರು ಇಂಗ್ಲಿಷಿನಲ್ಲಿ ಏನೋ ಕೇಳಿದರು, ನಾನು ತಡವರಿಸಿದೆ, ನೀನು ಉತ್ತರ ಹೇಳಿದೆ, ಕೆಲಸ ನಿನಗಾಯಿತು. ಅಷ್ಟೇ. ವರ್ಷ ಎರಡಾಯಿತು. ನೀನು ಮರೆತಿರಬಹುದು.

ಹಿಂಬದಿಯ ಇಂಗ್ಲಿಷ್ ನನಗೆ ಪೂರ್ತಿ ತಿಳಿಯಲಿಲ್ಲ. ಬರೀ ಹೆಸರುಗಳು, ಇಸವಿಗಳು. ಮೊನ್ನೆ ಸೋಹೇಲ ಯಂತ್ರ ರಿಪೇರಿಗೆ ಬಂದಿದ್ದ, ತೋರಿಸಿದೆ. "ದೀದಿ, ಇವ್ರು ಮಷೀನಿನ ಒಳಗಿನ ಸಾಫ್ಟ್‌ವೇರ್ ತುಣುಕು ತುಣುಕು ಬರದು ಪುಕ್ಕಟ ಕೊಟ್ಟ ಮಂದಿ. ಓಪನ್ ಸೋರ್ಸ್ ಅಂತಾರ ಇದಕ್ಕ. ಕಂಪನಿಯವ್ರು ಅದನ್ನ ಹಾಕಿ ಮಷೀನ್ ಮಾರಬಹುದು, ಬೇಕಾದಂಗ ತಿದ್ದಬಹುದು. ಆದ್ರ ಬರದವ್ರ ಹೆಸರು ತೆಗಿಬಾರದು. ಅದಕ್ಕೇ ಈ ಹಾಳಿ ಜೋಡಿ ಇಡ್ತಾರ" ಎಂದ.

ಕಾಣದ ಊರಿನವರ ಹೆಸರಿಗೆ ಇಷ್ಟು ಮರ್ಯಾದೆ ಇದೆ ಎಂದು ತಿಳಿದು ಆಶ್ಚರ್ಯವಾಯಿತು.

ನೋಟ್‌ಬುಕ್ ಒಯ್ದ ಮೇಲೆ ಒಯ್ಯಲೇ ಎಂದು ಕೇಳಿದ್ದೀ. ನಾನೇನು ಹೇಳಲಿ?

ಸರಿತಾ

*

ಹುಮನಾಬಾದ್
೨ ಆಗಸ್ಟ್ ೨೦೨೪

ಅಕ್ಕಾ,

ನೀನು ಬೇಡ ಎಂದು ಬರೆಯಲಿಲ್ಲ, ಹಾಗಾಗಿ ಮಾಡಿಬಿಟ್ಟೆ. ಇದರ ಜೊತೆ ಒಂದು ಪ್ರತಿ ಕಳಿಸುತ್ತಿದ್ದೇನೆ. ಹನ್ನೆರಡು ಪುಟ. ಕುರಿ ಕಾಯುವವರಲ್ಲಿ ಓದು ಬಾರದವರೇ ಹೆಚ್ಚೆಂದು ಅಕ್ಷರ ಕಡಿಮೆ ಹಾಕಿದ್ದೇನೆ. ಪ್ರತಿ ಗಿಡದ ಸುತ್ತ ಒಂದು ಚೌಕಟ್ಟು. ಹಸಿರು ಚೌಕಟ್ಟಿದ್ದರೆ ಧಾರಾಳ ಮೇಯಿಸಬಹುದು, ಹಳದಿಯಿದ್ದರೆ ಸ್ವಲ್ಪ, ಕೆಂಪಿದ್ದರೆ ಬಾಯಿಗೇ ಹೋಗಬಾರದು. ಅವ್ವನಿಗೆ ತೋರಿಸಿದೆ. ಒಂದಕ್ಷರ ಬಾರದವಳು ಪುಟ ತಿರುವಿ ಎಲ್ಲವನ್ನೂ ಸರಿಯಾಗಿ ಹೇಳಿದಳು.

ಮ್ಯಾನೇಜರ್ ಸಾಹೇಬರನ್ನು ಹೆದರುತ್ತಲೇ ಕೇಳಿದ್ದೆ. ಅವರು ನೋಡಿ, ಇಲ್ಲಿ ನಡೆಯುವ ದನಕರುಗಳ ಆರೋಗ್ಯ ಶಿಬಿರಕ್ಕೆ ಕಂಪನಿಯ ಕಡೆಯಿಂದಲೇ ಇನ್ನೂರು ಪ್ರತಿ ಕೊಡೋಣ ಎಂದರು. ಶಿಬಿರದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾಚಿಕೆಯಾಯಿತು. ನೀನೂ ಇರಬೇಕಿತ್ತು.

ನಿನ್ನ ಕಾಗದ ಓದಿ ಒಂದು ಕೆಲಸ ಮಾಡಿದ್ದೇನೆ. ಒಳಪುಟದಲ್ಲಿ ನಾನೂ ಒಂದು ಲೈಸೆನ್ಸ್ ಬರೆದಿದ್ದೇನೆ. "ಇದನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು, ತಿದ್ದಬಹುದು. ಹೆಸರುಗಳನ್ನು ತೆಗೆಯಬೇಡಿ. ಏನಾದರೂ ಬದಲಿಸಿದರೆ ಏನು ಬದಲಿಸಿದಿರಿ ಎಂದು ಬರೆಯಿರಿ." ಸಾಹೇಬರು ಓದಿ ನಕ್ಕರು. "ನೂರ ಮೂವತ್ತೆಂಟು ಹಾಳಿದು ಮೂರು ಸಾಲಿನಾಗ ಮುಗಿಸೀದಿ" ಎಂದರು.

ಮುಖಪುಟದ ಮೇಲೆ ನನ್ನ ಹೆಸರು ಬಂದಿದೆ. ಶಿಬಿರದವರು ಒಂದೇ ಹೆಸರು ಸಾಕೆಂದರು. ಕೊನೆಯ ಪುಟ ತಪ್ಪದೆ ನೋಡು.

ನಿನ್ನ ಶೀತಲ

*

ಬಸವಕಲ್ಯಾಣ
೨೦ ಆಗಸ್ಟ್ ೨೦೨೪

ಶೀತಲಳಿಗೆ,

ಪುಸ್ತಕ ಬಂತು. ಚೆನ್ನಾಗಿದೆ.

ನಾಗರಪಂಚಮಿಗೆ ಮೋರಖಂಡಿಗೆ ಹೋಗಿದ್ದೆ. ಅವ್ವ ಬಂದವರಿಗೆಲ್ಲ ಉಂಡಿಯ ತಾಟಿನ ಜೊತೆ ಅದನ್ನೂ ತೋರಿಸುತ್ತಿದ್ದಳು. "ನಮ್ಮ ಶೀತಲನ ಪುಸ್ತಕ ನೋಡ್ರಿ." ಅಪ್ಪ ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದಾನೆ, ಕುರಿಯ ಹಿಂದೆ ಹೋಗುವಾಗಲೂ. ಪಕ್ಕದ ಮನೆಯ ಅಂಬುಬಾಯಿ ನನ್ನನ್ನು ಕೇಳಿದಳು, "ನೀನೂ ಹಿಂಗ ಏನರ ಮಾಡಬೇಕಿಲ್ಲೇನವಾ, ನಿನಗೂ ಕಂಪ್ಯೂಟರ್ ಬರ್ತದಲ್ಲ?" ನಾನು ಉಂಡಿ ತಿನ್ನುತ್ತ ಕೂತೆ.

ಕೆಂಪು ಚೌಕಟ್ಟು ತುಂಬಲೆಂದು ಕಣಗಿಲದ ಎಲೆಯನ್ನು ನೀನು ಎಳೆದು ಅಗಲ ಮಾಡಿದ್ದೀ. ನನ್ನ ಚಿತ್ರದಲ್ಲಿ ಸಣ್ಣಗಿತ್ತು. ಅದು ಸಣ್ಣಗೇ ಇರುತ್ತದೆ.

ರಾಜೇಶ್ವರ, ಮೋರಖಂಡಿ ಕಡೆಯ ಮಂದಿ ನನ್ನ ಅಂಗಡಿಗೂ ಬಂದು ಆ ಪುಸ್ತಕ ಇದೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಸರಿತಾ

*

ಹುಮನಾಬಾದ್
೫ ಅಕ್ಟೋಬರ್ ೨೦೨೪

ಅಕ್ಕಾ,

ನಿನ್ನೆ ಮಧ್ಯಾಹ್ನ ಕಾರ್ಖಾನೆಯ ಗೇಟಿಗೆ ಒಬ್ಬರು ಬಂದಿದ್ದರು. ರಾಜೇಶ್ವರದ ಬಂಡೆಪ್ಪ. ಕಾವಲುಗಾರ ಒಳಗೆ ಬಿಡಲಿಲ್ಲ, ನನ್ನನ್ನೇ ಹೊರಗೆ ಕರೆಸಿದರು. ಬಿಸಿಲಲ್ಲಿ ನಿಂತು ಅವರು ಒಂದು ಹಾಳೆ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದರು.

ನಮ್ಮ ಗಿಡಗಳು. ಹದಿನಾರು ಚಿತ್ರ ಒಂದೇ ಹಾಳೆಯ ಎರಡು ಬದಿಯಲ್ಲಿ. ಮೇಲೆ 'ಕುರಿ ಆಡುಗಳ ಮೇವಿನ ಗಿಡಗಳು' ಎಂದಿತ್ತು. ಬಣ್ಣವಿಲ್ಲ. ಎಲ್ಲ ಚೌಕಟ್ಟೂ ಒಂದೇ ಬೂದಿ. ಚೌಕಟ್ಟಿನ ಅರ್ಥ ಹೇಳುವ ಪುಟವೂ ಇರಲಿಲ್ಲ. ನಡುವೆ ಒಂದು ಕಪ್ಪು ಗೆರೆ. ಕೆಳಗೆ 'ರಚನೆ: ಸರಿತಾ, ಸರಿತಾ ಜೆರಾಕ್ಸ್, ಬಸವಕಲ್ಯಾಣ.'

ಅವರ ಹೆಂಡತಿ ಗಯಾಬಾಯಿ ಕೂಲಿ ಮಾಡುವಾಕೆ, ಆಡು ಸಾಕಲು ಶುರುಮಾಡಿ ಒಂದೇ ವರ್ಷ. ಯಾರದೋ ಬೇಲಿಯ ಕಣಗಿಲ ಕಡಿದು ದಾರಿಯ ಬದಿಗೆ ಒಗೆದಿದ್ದರಂತೆ. ಹಾಳೆಯಲ್ಲಿ ಅದೇ ಗಿಡ ಬೇವಿನ ಪಕ್ಕದಲ್ಲಿ ಕಂಡಿತು. ಹೊತ್ತು ತಂದು ಹಾಕಿದಳು. ನಾಲ್ಕು ಆಡು ಸಂಜೆಯೊಳಗೆ ಸತ್ತವು. ಎರಡು ಗಬ್ಬವಿದ್ದವು.

"ನಿಮ್ಮ ಅಕ್ಕನ ಅಂಗಡಿಗಿ ಹೋಗಿದ್ದೆ" ಎಂದರು ಬಂಡೆಪ್ಪ. "ಆಕಿ ಅಂದಳು, ನಾ ಬರೇ ಜೆರಾಕ್ಸ್ ಮಾಡಾಕಿ, ಪುಸ್ತಕ ಮಾಡಿದಾಕಿ ಹುಮನಾಬಾದದಾಗ ಅದಾಳ, ಆಕಿನ ಕೇಳ್ರಿ ಅಂತ. ಕೇಳಾಕತ್ತೀನಿ ಹೇಳ್ರಿ."

ತಪ್ಪಾಯಿತೆಂದು ಕೈ ಮುಗಿದೆ. ನನ್ನ ಪುಸ್ತಕದಲ್ಲಿ ಅದಕ್ಕೆ ಕೆಂಪು ಚೌಕಟ್ಟಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವರು ಮತ್ತೆ ನಿನ್ನ ಅಂಗಡಿಗೆ ಬರುತ್ತಿದ್ದರು.

ಸಾಹೇಬರಿಗೆ ಸುದ್ದಿ ಹೋಯಿತು. ಪುಸ್ತಕವನ್ನು ಕಂಪನಿಯ ಹೆಸರಿನಲ್ಲಿ ಹಂಚಿದ್ದಲ್ಲವೇ, ಅವರಿಗೂ ಹೆದರಿಕೆ. ಪ್ರಿಂಟರಿನ ಉಸ್ತುವಾರಿ ತೆಗೆದಿದ್ದಾರೆ. ಇಂದಿನಿಂದ ಬಂದ ಟಪಾಲು ದಾಖಲಿಸುವ ಮೇಜಿನಲ್ಲಿ ಕೂತಿದ್ದೇನೆ.

ಒಂದೇ ಪ್ರಶ್ನೆ. ನನ್ನ ಹೆಸರು ಹಾಳೆಯಿಂದ ತೆಗೆದು ಬಾಯಿಂದ ಹೇಳಿದೆಯಲ್ಲ, ಯಾಕೆ?

ಶೀತಲ

*

ಬಸವಕಲ್ಯಾಣ
೧೯ ಅಕ್ಟೋಬರ್ ೨೦೨೪

ಶೀತಲಳಿಗೆ,

ಅಂಗಡಿಯಲ್ಲಿ ಆರು ಮಂದಿ ಇದ್ದರು. ಆತ ಬಾಗಿಲಲ್ಲಿ ನಿಂತು ಕೂಗಿದ. ಬಾಯಿಗೆ ಬಂದದ್ದು ಹೇಳಿದೆ.

ಜನ ಕೇಳುತ್ತಿದ್ದರು, ಅದಕ್ಕೆ ಮಾಡಿಕೊಟ್ಟೆ. ಯಾರು ಬೇಕಾದರೂ ಪ್ರತಿ ಮಾಡಬಹುದು ಎಂದು ನೀನೇ ಬರೆದಿದ್ದೀ. ನನ್ನ ಬಳಿ ಕಲರ್ ಇಲ್ಲವೆಂಬುದು ನಿನಗೆ ಗೊತ್ತಿರಲಿಲ್ಲವೇ?

ನಿನ್ನ ಕಾಗದಗಳ ಹಿಂಬದಿಯಲ್ಲಿರುವ ಇಂಗ್ಲಿಷನ್ನೆಲ್ಲ ಸೋಹೇಲನಿಂದ ಓದಿಸಿದೆ. ಒಂದೊಂದರ ಕೊನೆಗೂ ದೊಡ್ಡ ಅಕ್ಷರದಲ್ಲಿ ಒಂದು ಮಾತಿದೆ. ಇದ್ದದ್ದನ್ನು ಇದ್ದಂತೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ, ಹಾನಿಯಾದರೆ ಬರೆದವರು ಹೊಣೆಯಲ್ಲ ಎಂದು. ಅಷ್ಟು ಬುದ್ಧಿವಂತರೇ ಹಾಗೆ ಬರೆದುಕೊಳ್ಳುತ್ತಾರೆ. ನಿನ್ನ ಮೂರು ಸಾಲಿನಲ್ಲಿ ಅದನ್ನು ಯಾಕೆ ಬಿಟ್ಟೆ? ಅದಿದ್ದಿದ್ದರೆ ಇಬ್ಬರಿಗೂ ಈ ತಾಪತ್ರಯ ಇರುತ್ತಿರಲಿಲ್ಲ.

ಸರಿತಾ

*

ಹುಮನಾಬಾದ್
೨೬ ಅಕ್ಟೋಬರ್ ೨೦೨೪

ಅಕ್ಕಾ,

ಗಯಾಬಾಯಿಗೆ ಓದಲು ಬರುವುದಿಲ್ಲ. ಹೊಣೆಯಲ್ಲ ಎಂದು ಬರೆದಿದ್ದರೆ ಅದನ್ನೂ ಆಕೆ ಒಂದು ಗಿಡದ ಹೆಸರೆಂದೇ ತಿಳಿಯುತ್ತಿದ್ದಳು.

ನಾನು ಇನ್ನು ಬರೆಯುವುದಿಲ್ಲ.

ಶೀತಲ

*

ಬಸವಕಲ್ಯಾಣ
೩೦ ನವೆಂಬರ್ ೨೦೨೪

ಶೀತಲ,

ನೀನು ಬರೆಯುವುದಿಲ್ಲ ಎಂದೆ. ದೀಪಾವಳಿಗೂ ಮೋರಖಂಡಿಗೆ ಬರಲಿಲ್ಲ. ಅವ್ವ "ಆಕಿಗಿ ರಜಾ ಸಿಕ್ಕಿಲ್ಲಂತ" ಎಂದು ನನಗೇ ಹೇಳಿದಳು. ನಾನು ತಲೆಯಾಡಿಸಿದೆ. ಇದನ್ನು ಓದದೆ ಹರಿದರೂ ಸರಿ, ಬರೆಯಲೇಬೇಕು.

ಕೊನೆಯ ಪುಟವನ್ನು ನಾನು ಮೊದಲ ದಿನವೇ ನೋಡಿದ್ದೆ. 'ಎಲ್ಲ ಚಿತ್ರಗಳೂ ನನ್ನ ಅಕ್ಕ ಸರಿತಾಳವು, ಗಿಡಗಳ ಗುರುತು ನಮ್ಮ ಅವ್ವ ಮಾಣಿಕಮ್ಮನದು' ಎಂದು ನೀನು ಬರೆದಿದ್ದೆ. ಆ ಸಾಲಿಗೆ ನೀನು ಹಸಿರು ಬಣ್ಣ ಕೊಟ್ಟಿದ್ದೆ. ಓದಿದೆ, ಸಾಲಲಿಲ್ಲ. ನನ್ನ ಹೆಸರು ಸಿಗದಿದ್ದುದಕ್ಕೆ ನಾನು ಸಿಟ್ಟಾದೆ ಎಂದು ನೀನು ತಿಳಿದಿರಬಹುದು. ಸಿಕ್ಕಿತ್ತು. ನಿನ್ನದು ಮುಂದೆ ಇತ್ತು, ಶಾಲು ನಿನ್ನ ಹೆಗಲ ಮೇಲೆ ಬಿತ್ತು, ಅಪ್ಪನ ಕಿಸೆಯಲ್ಲಿ ನೀನಿದ್ದೆ. ನಾಗರಪಂಚಮಿ ಮುಗಿಸಿ ಬಂದ ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಪುಸ್ತಕದ ಚಿತ್ರಗಳನ್ನು ಕತ್ತರಿಸಿ ಒಂದು ಹಾಳೆಗೆ ಅಂಟಿಸಿದೆ. ಚೌಕಟ್ಟಿನ ಅರ್ಥ ಬರೆದಿದ್ದ ಪುಟ ಕೈಯಲ್ಲಿತ್ತು. ಅದರ ಕೆಳಗೆ ನಿನ್ನ ಹೆಸರಿತ್ತು, ಅದಕ್ಕೇ ಅದನ್ನು ಬಿಟ್ಟೆ. ನಿನಗೆ ಬರೆದ ಕಾಗದದಲ್ಲಿ 'ಇಲ್ಲ ಎನ್ನುತ್ತೇನೆ' ಎಂದಿದ್ದೆನಲ್ಲ, ಅದನ್ನು ಬರೆಯುವಾಗ ನಲವತ್ತು ಪ್ರತಿ ಮೇಜಿನ ಮೇಲೆ ಬೆಚ್ಚಗೆ ಇದ್ದವು.

ಕೆಂಪು ನನ್ನ ಯಂತ್ರದಲ್ಲಿ ಬೂದಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ನಿನ್ನ ಕೊನೆಯ ಕಾಗದ ಬಂದ ಮೇಲೆ ಹಾಳೆಗಳನ್ನು ಹುಡುಕಿಕೊಂಡು ಹೊರಟೆ. ನಲವತ್ತರಲ್ಲಿ ಮೂವತ್ತಾರು ಸಿಕ್ಕವು. ಮೂರು ಹರಿದುಹೋಗಿದ್ದವಂತೆ. ಕೊನೆಯದು ಗಯಾಬಾಯಿಯದು. ಅದನ್ನು ತರಲು ಹೋಗದೆ ದಿನ ದೂಡಿದೆ. ಕಡೆಗೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. "ನಿನ್ನ ಪಾಲಿನ ಆಡು ಎರಡು ನಮ್ಮ ಹಿಂಡಿನಾಗ ಅವ. ಒಯ್ಯಿ" ಎಂದಳು. ಅಪ್ಪ ಆಡುಗಳನ್ನು ಟೆಂಪೋಗೆ ಹತ್ತಿಸಿದ.

ಗಯಾಬಾಯಿ ಅಂಗಳದಲ್ಲಿ ತೊಗರಿ ಕಟ್ಟಿಗೆ ಮುರಿಯುತ್ತಿದ್ದಳು. ನನ್ನ ವಯಸ್ಸಿನವಳೇ. ಬಂಡೆಪ್ಪ ಒಳಗಿದ್ದ.

"ನಾ ಸರಿತಾ. ಆ ಹಾಳಿ ನಂದೇರಿ" ಎಂದೆ.

"ತಂಗಿದು ಅಂತ ಹೇಳಿದ್ರಂತಲ್ಲ."

"ಸುಳ್ಳು ಹೇಳೀನಿ. ತಂಗಿ ಮಾಡಿದ ಪುಸ್ತಕದಾಗ ಕಣಗಿಲಕ್ಕ ಕೆಂಪು ಗೆರಿ ಇತ್ತು. ನಾ ತೆಗದೀನಿ."

ಅವಳು ಕಟ್ಟಿಗೆ ಕೆಳಗಿಟ್ಟಳು. ಆಡುಗಳನ್ನು ನೋಡಲಿಲ್ಲ. "ನಾ ಓದಾಕಿ ಅಲ್ಲರಿ. ಬೇವಿನ ಸುತ್ತ ಹ್ಯಾಂಗ ಗೆರಿ ಇತ್ತೋ ಕಣಗಿಲದ ಸುತ್ತನೂ ಹಂಗೇ ಇತ್ತು. ನೋಡೇ ಹಾಕೀನಿ. ನನ್ನ ಗಂಡ ಎರಡು ತಿಂಗಳಿಂದ ನಿನಗ ಅಕಲ್ ಇಲ್ಲ, ನಿನಗ ಕಣ್ಣಿಲ್ಲ ಅಂತಾನ. ಮಂದಿ ಮುಂದೂ ಅಂತಾನ. ನಾ ಏನು ತಪ್ಪು ಮಾಡೀನಿ ನೀವೇ ಹೇಳ್ರಿ."

"ನಿಮ್ಮದು ತಪ್ಪಿಲ್ಲರಿ. ನೀವು ಬರೋಬ್ಬರಿ ನೋಡೀರಿ. ಹಾಳಿನೇ ಖೋಟಾ ಇತ್ತು."

ಅವಳು ಬಾಗಿಲ ಕಡೆ ನೋಡಿದಳು. "ಇನ್ನೊಮ್ಮಿ ಹೇಳ್ರಿ" ಎಂದಳು. "ಜೋರಾಗಿ ಹೇಳ್ರಿ. ಒಳಗ ಅದಾನ, ಕೇಳ್ಲಿ."

ಹೇಳಿದೆ. ಪಕ್ಕದ ಮನೆಯವರೂ ಹೊರಗೆ ಬಂದರು. ಅವರ ಮುಂದೆ ಮತ್ತೊಮ್ಮೆ ಹೇಳಿಸಿದಳು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ಬಂಡೆಪ್ಪ ಬಾಗಿಲಿಗೆ ಬಂದು ಎಲ್ಲ ಕೇಳಿದ. ಆಡುಗಳ ಹಗ್ಗ ಹಿಡಿದು ಗೂಟಕ್ಕೆ ಕಟ್ಟಿದ. ಗಯಾಬಾಯಿ ಚಹಾ ಕುಡಿಯಿರಿ ಎನ್ನಲಿಲ್ಲ. ಹಾಳೆ ತಂದು ಕೊಟ್ಟಳು, ಅಷ್ಟೇ.

ನಿಮ್ಮ ಮ್ಯಾನೇಜರ್ ಸಾಹೇಬರಿಗೂ ಒಂದು ಪತ್ರ ಬರೆದಿದ್ದೇನೆ. ಹೆಸರು ತೆಗೆದವಳು ನಾನು, ಬಣ್ಣ ಕಳೆದವಳು ನಾನು, ಶೀತಲಳ ಪುಸ್ತಕದಲ್ಲಿ ತಪ್ಪಿರಲಿಲ್ಲ ಎಂದು. ನಿನ್ನ ಪುಸ್ತಕವನ್ನೂ ನನ್ನ ಹಾಳೆಯನ್ನೂ ಜೊತೆಗಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅವರೇ ಎರಡನ್ನೂ ನೋಡಲಿ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ನಿನ್ನೆ ಎದುರಿನ ಅಂಗಡಿಯವನು ಹೊಸ ಕಲರ್ ಯಂತ್ರ ಇಳಿಸಿದ. ನೋಡಿದ ಕೂಡಲೇ ಅದು ಕೆಟ್ಟು ನಿಲ್ಲಲಿ ಎಂದುಕೊಂಡೆ.

ಸರಿತಾ

*

ಹುಮನಾಬಾದ್
೧೮ ಡಿಸೆಂಬರ್ ೨೦೨೪

ಅಕ್ಕಾ,

ಹರಿಯಲಿಲ್ಲ. ಹತ್ತು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಸಿಟ್ಟು ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಗಯಾಬಾಯಿ ಜೋರಾಗಿ ಹೇಳಿಸಿದ ಭಾಗವನ್ನು ಮತ್ತೆ ಮತ್ತೆ ಓದಿದ್ದೇನೆ.

ಸಾಹೇಬರು ನಿನ್ನ ಪತ್ರ ಓದಿ ನನ್ನನ್ನು ಕರೆದರು. ಎರಡನ್ನೂ ಮೇಜಿನ ಮೇಲೆ ಹಾಸಿಕೊಂಡಿದ್ದರು. "ನಿನ್ನ ತಪ್ಪಿಲ್ಲ ಅಂತ ತಿಳೀತು, ಫೈಲಿನಾಗ ಬರದೀನಿ" ಎಂದರು. ಪ್ರಿಂಟರಿನ ಕೆಲಸ ವಾಪಸು ಕೊಡುತ್ತಾರೆಂದು ಕಾದು ನಿಂತೆ. ಅದನ್ನು ಅಷ್ಟರಲ್ಲಿ ಮೇಘಾಗೆ ಕೊಟ್ಟಾಗಿದೆ, ಅವಳಿಗೂ ಕಲಿಯಲು ಅವಕಾಶ ಇರಲಿ ಎಂದರು. ಮೇಘಾ ಹೊಸಬಳು, ಇಪ್ಪತ್ತೆರಡು ವರ್ಷ. ಹೌದ್ರಿ ಎಂದು ಬಂದು ನನ್ನ ಟಪಾಲಿನ ಮೇಜಿನಲ್ಲಿ ಕೂತೆ.

ಯಂತ್ರ ನನ್ನ ಎದುರಿಗೇ ಇದೆ. ಅದು ಶುರುವಾಗುವ ಸದ್ದು ಕೇಳಿದರೆ ನನ್ನ ಕೈ ನಿಲ್ಲುತ್ತದೆ. ಮೇಘಾ ಅದರ ಮೇಲೆ ಚಹಾದ ಕಪ್ ಇಡುತ್ತಾಳೆ. ನಿನ್ನೆ ಲೇಬಲ್ ಮಾದರಿ ಚೆನ್ನಾಗಿ ಬಂದಿವೆ ಎಂದು ಸಾಹೇಬರು ಎಲ್ಲರ ಮುಂದೆ ಅವಳನ್ನು ಹೊಗಳಿದರು. ಆ ಅಳತೆಯನ್ನು ಯಂತ್ರದಲ್ಲಿ ಕೂಡಿಸಿಟ್ಟವಳು ನಾನು. ಅವಳು ಅದನ್ನು ಹೇಳಲಿಲ್ಲ. ಅವಳಿಗೆ ಗೊತ್ತೂ ಇರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಹಾಳೆ ಒಳಗೆ ಸಿಕ್ಕಿಕೊಂಡಿತು. ಮೇಘಾ ಮುಂದಿನ ಬಾಗಿಲು ತೆರೆದಳು, ಮುಚ್ಚಿದಳು, ಟ್ರೇ ಎಳೆದಳು. ಸಿಕ್ಕಿದ್ದು ಹಿಂದೆ, ಎಡಗಡೆಯ ಸಣ್ಣ ಬಾಗಿಲಲ್ಲಿ. ಅಲ್ಲಿಗೇ ಯಾವಾಗಲೂ ಸಿಕ್ಕುತ್ತದೆ. ಅವಳಿಗೆ ಆ ಬಾಗಿಲು ಇದೆಯೆಂದೇ ತಿಳಿದಿಲ್ಲ. ಬಂದವರು ಒಬ್ಬೊಬ್ಬರಾಗಿ "ಆಯ್ತೇನವಾ, ಆಯ್ತೇನವಾ" ಎಂದು ಕೇಳಿ ಹೋದರು. ಅವಳ ಮುಖ ಕೆಂಪಾಯಿತು. ನಾನು ತಲೆ ತಗ್ಗಿಸಿ ಲಕೋಟೆಗಳ ಮೇಲೆ ನಂಬರು ಹಾಕುತ್ತ ಕೂತೆ. ಖುಷಿಯಾಗುತ್ತಿತ್ತು ಅಕ್ಕಾ. ನಿನಗೆ ಸುಳ್ಳು ಹೇಳುವುದಿಲ್ಲ, ಖುಷಿಯಾಗುತ್ತಿತ್ತು.

ಹತ್ತು ನಿಮಿಷವಾಗಿರಬೇಕು. ಆಮೇಲೆ ಎದ್ದು ಹೋಗಿ ಆ ಬಾಗಿಲು ತೋರಿಸಿದೆ. "ಇಲ್ಲಿ ಕೈ ಹಾಕು, ಹಗೂರಕ ಎಳಿ, ಹರಿಬಾರ್ದು" ಎಂದೆ. ಅವಳು ಎಳೆದಳು. ಯಂತ್ರ ಮತ್ತೆ ಹೊರಟಿತು. "ನಿಮಗ ಮೊದಲೇ ಗೊತ್ತಿತ್ತೇನ್ರಿ ಅಕ್ಕಾ?" ಎಂದು ಕೇಳಿದಳು. ನಾನು ಹೊರಬಂದ ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟೆ.

ಈ ಹೊಟ್ಟೆಕಿಚ್ಚನ್ನು ನನಗೆ ಹತ್ತು ನಿಮಿಷ ತಾಳಲು ಆಗಲಿಲ್ಲ. ನೀನು ಎರಡು ವರ್ಷ ಹೇಗೆ ತಾಳಿದೆ?

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಂಗಡಿ ತೆರೆದಿಟ್ಟಿರು.

ಶೀತಲ